ಗೇರುಗುಡ್ಡ ಕಲಿಸಿದ ಪಾಠ



ಮಂತ್ರಾಲಯದ ಸುತ್ತ ಹತ್ತಿ ಬೆಳೆಯದ ಊರು ಕಡಿಮೆ. ಆದೋನಿಯ ಹತ್ತಿ ಮಾರುಕಟ್ಟೆ ದೂರದೂರಿಗೂ ಗೊತ್ತು. ಆ ಹತ್ತಿಗೆ ಹೊಡೆಯುವ ಎಣ್ಣೆಯ, ಅಂದರೆ ಕೀಟನಾಶಕದ, ಮಾತು ಬಂದಾಗ ನನಗೆ ನೆನಪಾಗುವುದು ಕಾಸರಗೋಡಿನ ಪಡ್ರೆ. ನಮ್ಮ ಹಾಗೆಯೇ ಕರ್ನಾಟಕದ ಗಡಿಯಾಚೆ ಉಳಿದೂ ಕನ್ನಡ ಉಳಿಸಿಕೊಂಡ ಊರದು.

ಅಲ್ಲಿನ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿವೆ. ಅವುಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗುಡ್ಡದ ಬುಡದ ಜನ ಕುಡಿಯುತ್ತಿದ್ದುದು ಗುಡ್ಡ ಕೊರೆದ ಸುರಂಗದ ನೀರು, ತೋಡಿನ ನೀರು. ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಹೆಚ್ಚಿರುವುದನ್ನು ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ನಾಡಿಗೆ ತಿಳಿಸಿದರು.

ಬಳಿಕ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ 117 ಶಾಲಾ ಬಾಲಕರನ್ನು ಸಿಂಪಡಣೆಯಿಲ್ಲದ ಕಡೆಯ 90 ಬಾಲಕರೊಂದಿಗೆ ಹೋಲಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿದ್ದವರಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಕಡಿಮೆಯಿತ್ತು.

ಹಾರ್ಮೋನುಗಳು ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದೇ ಬೆಳವಣಿಗೆಯನ್ನು ನಡೆಸುತ್ತವೆ. ಕೆಲವು ರಾಸಾಯನಿಕಗಳು ಅವುಗಳ ವೇಷ ಹಾಕುತ್ತವೆ, ಕೆಲವು ಅವುಗಳ ದಾರಿ ಕಟ್ಟುತ್ತವೆ. ಹಾಗಾಗಿ ದೊಡ್ಡವರು ತಾಳಿಕೊಳ್ಳುವಷ್ಟು ವಿಷವೂ ಗರ್ಭದ ಶಿಶುವಿಗೆ, ಬೆಳೆಯುವ ಮಗುವಿಗೆ ಕೇಡು ಮಾಡಬಲ್ಲದು. ಹೊಲದಲ್ಲಿ ಯಾರೂ ತಲೆಸುತ್ತಿ ಬೀಳಲಿಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಇಂಥ ವಿಷದ ಪೆಟ್ಟು ವರ್ಷಗಳ ನಂತರ, ಮಕ್ಕಳ ಮೈಯಲ್ಲಿ ಕಾಣಬಹುದು.

2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು. ಆದರೆ ಬೇರೆ ಹೆಸರಿನ ಕೀಟನಾಶಕಗಳು ಹತ್ತಿಹೊಲಕ್ಕೆ ಬರುತ್ತಲೇ ಇವೆ. ಗಂಡಸು ಬೆನ್ನಿಗೆ ಪಂಪು ಕಟ್ಟಿಕೊಂಡರೆ, ಕೊಡದಲ್ಲಿ ನೀರು ತಂದು ಎಣ್ಣೆ ಬೆರೆಸಿ ಕೊಡುವವಳು ಹೆಂಗಸು. ಆ ಕೈಯಲ್ಲೇ ಬುತ್ತಿ ಬಿಚ್ಚುತ್ತಾಳೆ, ಅದೇ ಸೀರೆಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾಳೆ. ಖಾಲಿ ಡಬ್ಬಿ ತೊಳೆದು ಮನೆಯಲ್ಲಿ ಇಟ್ಟುಕೊಳ್ಳುವವರೂ ಇದ್ದಾರೆ.

ರೈತ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು: ಬಸುರಿಯರನ್ನೂ ಮಕ್ಕಳನ್ನೂ ಎಣ್ಣೆ ಹೊಡೆಯುವ ಹೊಲಕ್ಕೆ ಕರೆದೊಯ್ಯಬೇಡಿ. ಖಾಲಿ ಡಬ್ಬಿ ಮನೆಯೊಳಗೆ ತರಬೇಡಿ. ಹುಳ ಕಂಡ ಮೇಲಷ್ಟೇ, ಬೇಕಾದಷ್ಟೇ ಹೊಡೆಯಿರಿ. ಪಡ್ರೆಯ ಮಕ್ಕಳು ತಮ್ಮ ಮೈಯಿಂದ ಬೆಲೆ ತೆತ್ತು ಕಲಿಸಿದ ಪಾಠವಿದು. ನಮ್ಮ ಮಕ್ಕಳು ಆ ಬೆಲೆಯನ್ನು ಮತ್ತೆ ತೆರುವಂತಾಗಬಾರದು.