ಕಡಜಕ್ಕೆ ದ್ರಾಕ್ಷಾರಸ, ಎತ್ತಿಗೆ ಕಣಕಿ



ಯಾವ ವೈನಿಗೆ ಯಾವ ತಿನಿಸು ಹೊಂದುತ್ತದೆ ಎಂಬುದು ದೊಡ್ಡ ಹೋಟೆಲುಗಳಲ್ಲಿ ಒಂದು ಶಾಸ್ತ್ರವೇ ಆಗಿದೆ. ಕೆಂಪು ವೈನಿಗೆ ಮಾಂಸ, ಬಿಳಿಯದಕ್ಕೆ ಮೀನು ಎಂಬುದು ಅದರ ಮೊದಲ ಪಾಠ. ಇದೇ ಶಾಸ್ತ್ರವನ್ನು ಪ್ರಾಣಿಗಳಿಗೂ ಅನ್ವಯಿಸಿ, ಆನೆಯ ಮುಂದೆ ಒಂದು ಪಟ್ಟಿ, ಎತ್ತಿನ ಮುಂದೆ ಒಂದು ಪಟ್ಟಿ ಇಟ್ಟರೆ ಹೇಗಿದ್ದೀತು? ನಗೆಯ ಮಾತೇ ಸರಿ. ಆದರೆ ಹುಳಿತ ಹಣ್ಣಿನ ರಸಕ್ಕೆ ಬಾಯಿ ಹಾಕುವುದರಲ್ಲಿ ಪ್ರಾಣಿಗಳು ಮನುಷ್ಯನಿಗಿಂತ ಹಿರಿಯರು.

ಮೊದಲ ಗಿರಾಕಿ ಕಡಜ. ಆಳಂದ, ಅಫಜಲಪುರದ ದ್ರಾಕ್ಷಿ ತೋಟಗಾರರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ವೈನನ್ನು ಹುದುಗಿಸುವ ಈಸ್ಟ್ ಚಳಿಗಾಲವಿಡೀ ಕಡಜದ ಕರುಳಿನಲ್ಲಿ ಬದುಕಿ ಉಳಿದು, ಮರಿಗಳಿಗೂ ದಾಟಿ, ಮುಂದಿನ ಸುಗ್ಗಿಯ ಹಣ್ಣನ್ನು ಸೇರಬಲ್ಲದು ಎಂದು ಇಟಲಿಯ ಸಂಶೋಧಕರು 2012ರಲ್ಲಿ ತೋರಿಸಿದರು. ತೋಟದಿಂದ ಓಡಿಸುವ ಹುಳವೇ ವೈನಿಗೆ ಹೆಪ್ಪು ಹಾಕುವ ಗೃಹಿಣಿ ಎಂದಾಯಿತು! ಇಸ್ರೇಲಿನವರು 2024ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಇನ್ನೂ ಸೋಜಿಗದ್ದು. ನಮ್ಮ ದೇಶದಲ್ಲೂ ಇರುವ ಒಂದು ಜಾತಿಯ ಕಡಜಕ್ಕೆ ಅವರು ಶೇ. 80ರಷ್ಟು ಮದ್ಯಸಾರ ಬೆರೆಸಿದ ಸಕ್ಕರೆ ನೀರು ಕುಡಿಸಿದರು. ಅದು ತೂರಾಡಲಿಲ್ಲ, ಬೇಗ ಸಾಯಲೂ ಇಲ್ಲ. ಎಂದಿನಂತೆ ಗೂಡು ಕಟ್ಟಿತು. ಇದಕ್ಕೆ ಹೊಂದುವ ತಿನಿಸು ಬೇರೆ ಬೇಡ, ಒಡೆದ ದ್ರಾಕ್ಷಿಯೇ ಸಾಕು.

ಹಣ್ಣಿನ ನೊಣದ ಕಥೆ ಬೇರೆ. ಹೆಣ್ಣಿನಿಂದ ತಿರಸ್ಕೃತವಾದ ಗಂಡು ನೊಣ, ಕೂಡಿ ಸುಖಿಸಿದ ಗಂಡಿಗಿಂತ ಹೆಚ್ಚು ಮದ್ಯಸಾರದ ಆಹಾರ ಸೇವಿಸುತ್ತದೆ ಎಂದು ಅಮೆರಿಕದ ಪ್ರಯೋಗಾಲಯವೊಂದು 2012ರಲ್ಲಿ ವರದಿ ಮಾಡಿತು. ದೇವದಾಸನ ವಂಶ ಎಷ್ಟು ಹಳೆಯದು ನೋಡಿ. ಪಶ್ಚಿಮ ಆಫ್ರಿಕದ ಗಿನಿ ದೇಶದ ಚಿಂಪಾಂಜಿಗಳದು ನಮ್ಮ ಸೇಂದಿಯಂಥದೇ ಪಾನ. ತಾಳೆಯ ಜಾತಿಯ ಮರಕ್ಕೆ ಜನ ಕಟ್ಟಿದ ಪಾತ್ರೆಯಲ್ಲಿ, ಜಗಿದ ಎಲೆಯ ಉಂಡೆ ಅದ್ದಿ ಹೀರುತ್ತವೆ. ಕಪಿಗೆ ಹೆಂಡ ಕುಡಿಸಿದಂತೆ ಎನ್ನುತ್ತೇವೆ. ಅಲ್ಲಿ ಕುಡಿಸುವವರಾರೂ ಬೇಕಿಲ್ಲ.

ಕುಡಿಸುವವರು ಬೇಕಾಗಿದ್ದು ಆನೆಗೆ. ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಸುಮಾರು 641ರಲ್ಲಿ ಬಂದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಯುದ್ಧಕ್ಕೆ ಹೊರಡುವ ಮುನ್ನ ವೀರಭಟರು ತಾವು ಕುಡಿದು, ನೂರಾರು ಆನೆಗಳಿಗೂ ಕುಡಿಸುತ್ತಿದ್ದರಂತೆ. ಅಮಲೇರಿದ ಆನೆಗಳ ಹಿಂಡು ನುಗ್ಗಿದರೆ ಎದುರು ನಿಲ್ಲುವ ಶತ್ರುವಿಲ್ಲ. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ ಹೇಳುವಂತೆ, ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಆನೆಯ ದಂಡಿನೊಡನೆ ಭೈಮರಥಿಯ ಉತ್ತರದ ನಾಡನ್ನು ಗೆಲ್ಲಲು ಬಂದಿದ್ದರು. ಭೈಮರಥಿಯೆಂದರೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹರಿಯುವ ಇದೇ ಭೀಮೆ. ರವಿಕೀರ್ತಿ ಹೆಂಡದ ಮಾತೆತ್ತುವುದಿಲ್ಲ. ಆಸ್ಥಾನ ಕವಿಗೆ ಅದು ಬೇಕಾಗಿಯೂ ಇರಲಿಲ್ಲವೆನ್ನಿ.

ಆನೆಯ ಗಾತ್ರ ನೋಡಿ ಪೀಪಾಯಿಗಟ್ಟಲೆ ಸುರಿಯಬೇಕೆಂದು ತಿಳಿಯಬಾರದು. ಮದ್ಯಸಾರವನ್ನು ಕರಗಿಸುವ ಒಂದು ಜೀನ್ ಮನುಷ್ಯನಲ್ಲಿ ಕೆಲಸ ಮಾಡುತ್ತದೆ, ಆನೆಯಲ್ಲಿ ಕೆಟ್ಟು ನಿಂತಿದೆ ಎಂದು 2020ರ ಅಧ್ಯಯನವೊಂದು ಹೇಳಿತು. ಹುಲ್ಲು, ಸೊಪ್ಪು ತಿಂದು ಬದುಕುವ ಪ್ರಾಣಿಗೆ ಆ ಜೀನಿನ ಅಗತ್ಯ ಬೀಳಲಿಲ್ಲ. ಪುಲಕೇಶಿಯ ಭಟನಿಗೆ ಬೆಳಗಾಗುವಷ್ಟರಲ್ಲಿ ಇಳಿದ ಅಮಲು ಅವನ ಆನೆಗೆ ಅಷ್ಟು ಬೇಗ ಇಳಿದಿರಲಾರದು. ಗೆಲುವು ಅರಸನದು, ತಲೆನೋವು ಆನೆಯದು.

ಇನ್ನು ನಮ್ಮ ಎತ್ತು. ಅದು ಹುಟ್ಟಿನಿಂದಲೇ ಭಟ್ಟಿ ಹೊತ್ತು ತಿರುಗುವ ಪ್ರಾಣಿ. ಮೆಲುಕು ಹಾಕುವ ದನದ ಮೊದಲ ಹೊಟ್ಟೆಯಲ್ಲಿ ಮೇವು ಹಗಲಿರುಳೂ ಹುದುಗುತ್ತಲೇ ಇರುತ್ತದೆ. ಅದಕ್ಕೆ ಹೊಂದುವುದು ಜೋಳದ ಕಣಕಿ, ತೊಗರಿ ಹೊಟ್ಟು, ಮೇಲೊಂದಿಷ್ಟು ಹಿಂಡಿ. ಕಣ್ಣು ತಪ್ಪಿಸಿ ರಾಶಿಯ ಕಾಳಿಗೆ ಬಾಯಿ ಹಾಕಿ ಹೊಟ್ಟೆ ತುಂಬ ತಿಂದರೆ ಒಳಗಿನ ಭಟ್ಟಿ ಕೆಟ್ಟು, ಹುಳಿ ಏರಿ, ಎತ್ತು ಕುಡಿದವರಂತೆ ತೂರಾಡುತ್ತದೆ. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಒಡೆದ ಕೂಳೆಯ ಚಿಗುರು ಇನ್ನೂ ಕ್ರೂರ. ಅದರಲ್ಲಿ ಸಯನೈಡ್ ವಿಷ ಹುಟ್ಟುತ್ತದೆ, ದನ ಗಳಿಗೆಯೊಳಗೆ ಉರುಳಬಹುದು. ತೂರಾಡುವ ದನವನ್ನು ನೋಡಿ ನಗುವ ಮುನ್ನ ಪಶುವೈದ್ಯರಿಗೆ ಹೇಳಿಕಳಿಸಬೇಕು. ಕಾರಹುಣ್ಣಿಮೆಯ ಓಟಕ್ಕೆಂದು ಗೊಟ್ಟದಲ್ಲಿ ಹೆಂಡ ಬೆರೆಸುವ ಚಪಲ ಯಾರಿಗಾದರೂ ಬಂದರೆ, ಪ್ರಾಣಿಗೆ ಹಾನಿಕರ ವಸ್ತು ಕುಡಿಸುವುದು 1960ರ ಕಾಯಿದೆಯ ಪ್ರಕಾರ ಅಪರಾಧವೆಂಬುದು ನೆನಪಿರಲಿ.

ಉಳಿದದ್ದು ತೋಟ ಕಾಯುವ ನಾಯಿ. ಅದಕ್ಕೆ ವೈನಿರಲಿ, ದ್ರಾಕ್ಷಿಯೂ ಕೂಡದು. ಒಣದ್ರಾಕ್ಷಿಯಂತೂ ಬೇಡವೇ ಬೇಡ. ಕೆಲವು ನಾಯಿಗಳ ಮೂತ್ರಪಿಂಡ ಅಷ್ಟಕ್ಕೇ ಕೆಟ್ಟುಹೋಗುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಿಂದೀಚೆಗೆ ಪಶುವೈದ್ಯರು ಶಂಕಿಸುತ್ತಿದ್ದಾರೆ. ಹುಣಸೆಯಲ್ಲಿರುವುದೂ ಅದೇ ಹುಳಿ. ಆದ್ದರಿಂದ ಕಾವಲಿನ ನಾಯಿಯ ಪಟ್ಟಿಯಲ್ಲಿ ಪಾನದ ಕಡೆಗೆ ತಣ್ಣನೆಯ ನೀರು, ತಿನಿಸಿನ ಕಡೆಗೆ ನಿನ್ನೆಯ ಜೋಳದ ರೊಟ್ಟಿ.