ಯಾವ ಸಿದ್ದಾಪುರ? ಯಾವ ಪೋರ್ಟ್?



‘ಸಿದ್ದಾಪುರ’ ಎಂದಷ್ಟೇ ವಿಳಾಸ ಬರೆದು ಕಾಗದವೊಂದನ್ನು ಅಂಚೆಪೆಟ್ಟಿಗೆಗೆ ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಬೆಂಗಳೂರಿನವರಿಗೆ ಸಿದ್ದಾಪುರವೆಂದರೆ ಲಾಲ್‌ಬಾಗಿನ ಪಕ್ಕದಲ್ಲಿ, ಜಯನಗರಕ್ಕೆ ಅಂಟಿಕೊಂಡಿರುವ, ಹೂಗಿಡಗಳ ನರ್ಸರಿಗಳಿರುವ ಜಾಗ. ಉತ್ತರ ಕನ್ನಡದವರಿಗೆ ಅದೊಂದು ತಾಲ್ಲೂಕು. ಕೊಡಗಿನವರಿಗೆ ಕಾಫಿ ತೋಟಗಳ ನಡುವಿನ ಊರು. ಕುಂದಾಪುರದ ಕಡೆಯವರಿಗೆ ಇನ್ನೊಂದೇ ಸಿದ್ದಾಪುರ. ನಮ್ಮ ಬಡಾವಣೆಗಳಲ್ಲೂ ಇದೇ ಕಥೆ. 4ನೇ ಅಡ್ಡರಸ್ತೆ ಜಯನಗರದಲ್ಲೂ ಉಂಟು, ಜೆ.ಪಿ. ನಗರದಲ್ಲೂ ಉಂಟು, ಬನಶಂಕರಿಯಲ್ಲೂ ಉಂಟು. ಇಂಥ ಗೊಂದಲಗಳನ್ನು ತಪ್ಪಿಸಲೆಂದೇ ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಕೋಡ್ ಜಾರಿಗೆ ತಂದಿತು.

ಗಣಕಯಂತ್ರಗಳ ಜಾಲದಲ್ಲೂ ಈ ಗೊಂದಲವಿದೆ. ಇಂದಿನ ಮಾತು ಅದರ ಬಗ್ಗೆ. ತೆರೆಯ ಮೇಲೆ ತೋರಿಸಲು ಕಷ್ಟದ ವಿಷಯವಿದು. ಕ್ಯಾಮೆರಾದ ಕಣ್ಣಿಗೆ ಬೀಳುವಂಥದ್ದು ಇದರಲ್ಲಿ ಏನೂ ಇಲ್ಲ. ಆದ್ದರಿಂದ ಸ್ವಲ್ಪ ಕಲ್ಪಿಸಿಕೊಳ್ಳಬೇಕು.

ಒಂದು ಯಂತ್ರದಲ್ಲಿ ಏಕಕಾಲಕ್ಕೆ ಹಲವು ಪ್ರೋಗ್ರಾಮುಗಳು ಜಾಲದೊಡನೆ ಮಾತನಾಡುತ್ತಿರುತ್ತವೆ. ಬಂದ ಮಾಹಿತಿ ಯಾವ ಪ್ರೋಗ್ರಾಮಿಗೆ ಸೇರಬೇಕೆಂದು ತಿಳಿಸುವುದೇ ಪೋರ್ಟ್ ಸಂಖ್ಯೆ. ಇದು 16 ಬಿಟ್‌ಗಳ ಸಂಖ್ಯೆ. ಅಂದರೆ 0ಯಿಂದ 65535ರವರೆಗೆ. ವೆಬ್ ಪುಟಗಳಿಗೆ 80 ಮತ್ತು 443 ಮೀಸಲು. ಐ.ಪಿ. ವಿಳಾಸ ಮನೆಯ ನಂಬರಾದರೆ, ಪೋರ್ಟ್ ಆ ಮನೆಯೊಳಗಿನ ಕೋಣೆ. ಸಾಮಾನ್ಯವಾಗಿ ಒಂದು ಕೋಣೆಗೆ ಒಬ್ಬನೇ ಬಾಡಿಗೆದಾರ. ಎರಡನೆಯವನು ಅದೇ ಕೋಣೆ ಕೇಳಿದರೆ ‘ಈ ವಿಳಾಸ ಆಗಲೇ ಬಳಕೆಯಲ್ಲಿದೆ’ ಎಂಬ ಉತ್ತರ ಬರುತ್ತದೆ.

ಇಲ್ಲಿಯವರೆಗೆ ಸುಲಭ. ಈಗ ಒಂದೇ ರೂಟರು ಒಂದು ಬ್ಯಾಂಕಿಗೂ ಒಂದು ಕಾಲೇಜಿಗೂ ಸೇವೆ ಕೊಡುತ್ತಿದೆ ಎಂದುಕೊಳ್ಳಿ. ಇಬ್ಬರೂ ತಮ್ಮ ಒಳಜಾಲಕ್ಕೆ 10.0.0.1 ಎಂಬ ವಿಳಾಸವನ್ನೇ ಇಟ್ಟುಕೊಂಡಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. 10ರಿಂದ ಆರಂಭವಾಗುವ ವಿಳಾಸಗಳು ಖಾಸಗಿ ಬಳಕೆಗೆಂದೇ ಮೀಸಲಾಗಿವೆ. ಇಬ್ಬರ ಮಾಹಿತಿಯೂ ಬೆರೆಯದಿರಲು ರೂಟರು ಎರಡು ಪ್ರತ್ಯೇಕ ದಾರಿಪಟ್ಟಿಗಳನ್ನು ಇಟ್ಟುಕೊಳ್ಳುತ್ತದೆ. ಇಂಥ ಒಂದೊಂದು ವಲಯಕ್ಕೂ ವಿ.ಆರ್.ಎಫ್. ಎಂದು ಹೆಸರು. ಲಿನಕ್ಸ್‌ಗೆ ಈ ಸೌಲಭ್ಯ ಬಂದದ್ದು 2015ರಲ್ಲಿ. ಅದಕ್ಕೂ ಮೊದಲೇ, 2008ರ ಹೊತ್ತಿಗೆ, ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಇನ್ನೂ ಬಿಗಿಯಾದ ಗೋಡೆ ಅದರಲ್ಲಿ ಬಂದಿತ್ತು. ಸಿಸ್ಕೊ, ಜುನಿಪರ್‌ನಂಥ ರೂಟರು ಕಂಪನಿಗಳ ದೊಡ್ಡ ಕೇಂದ್ರಗಳು ನಮ್ಮ ಬೆಂಗಳೂರಿನಲ್ಲೇ ಇವೆ. ನಿಮ್ಮಲ್ಲಿ ಕೆಲವರು ಮುಂದೆ ಇದೇ ಕೆಲಸ ಮಾಡಲೂಬಹುದು.

ಈಗ ಪ್ರಶ್ನೆ: ‘8080ನೇ ಪೋರ್ಟ್ ಖಾಲಿಯಿದೆಯೇ?’ ಯಾವ ವಲಯದಲ್ಲಿ ಎಂದು ಹೇಳದ ಹೊರತು ಇದಕ್ಕೆ ಉತ್ತರವೇ ಇಲ್ಲ. ಪರೀಕ್ಷಿಸುವ ಪ್ರೋಗ್ರಾಮು ತಾನು ನಿಂತ ವಲಯವನ್ನಷ್ಟೇ ನೋಡಿ ‘ತುಂಬಿದೆ’ ಎಂದರೆ, ಪಕ್ಕದ ವಲಯದಲ್ಲಿ ಆರಾಮವಾಗಿ ನಡೆಯಬಹುದಾದ ಸೇವೆ ಸುಮ್ಮನೆ ನಿಂತುಹೋಗುತ್ತದೆ. ಇದು ಕಿರಿಕಿರಿ, ಅಷ್ಟೆ. ‘ಯಾರೂ ಇಲ್ಲ’ ಎಂಬ ತಪ್ಪು ಉತ್ತರ ಅಪಾಯದ್ದು. ಲಿನಕ್ಸ್‌ನಲ್ಲಿ, ಯಾವ ವಲಯಕ್ಕೂ ಕಟ್ಟದ ಸೇವೆ ಮೂಲ ವಲಯದಲ್ಲಿ ಮಾತ್ರ ಓಗೊಡುವುದು ವಾಡಿಕೆ. ಆದರೆ ಒಂದು ಸೆಟ್ಟಿಂಗನ್ನು 0ಯಿಂದ 1ಕ್ಕೆ ಬದಲಿಸಿದರೆ ಅದೇ ಸೇವೆ ಎಲ್ಲ ವಿ.ಆರ್.ಎಫ್.ಗಳಿಂದ ಬಂದ ಕರೆಗೂ ಬಾಗಿಲು ತೆರೆಯುತ್ತದೆ. ಆಡಳಿತಗಾರರಿಗೆಂದು ಇಟ್ಟ ಬಾಗಿಲು ಗ್ರಾಹಕರ ಕಡೆಗೂ ತೆರೆದಿರುತ್ತದೆ. ಗ್ರಾಹಕರ ವಲಯಕ್ಕೆ ಕಟ್ಟಿದ ಸೇವೆಗಳನ್ನಷ್ಟೇ ಎಣಿಸಿ ನೋಡಿದವನಿಗೆ ಅದು ಕಾಣುವುದೇ ಇಲ್ಲ.

ಇನ್ನೊಂದು ತೊಡಕು ಕಾಲದ್ದು. ಸಂತೆಯ ದಿನ ಬಸ್ಸಿನ ಕಿಟಕಿಯಿಂದ ಇಣುಕಿ ‘ಸೀಟು ಖಾಲಿಯಿದೆ’ ಎಂದುಕೊಂಡು ಬಾಗಿಲ ಕಡೆ ಓಡಿದವನಿಗೆ ಸೀಟು ಸಿಗುವ ಖಾತ್ರಿಯಿಲ್ಲ. ಕಿಟಕಿಯಿಂದಲೇ ಟವೆಲ್ ಹಾಕಿದವನಿಗೆ ಸಿಗುತ್ತದೆ. ಪೋರ್ಟಿನ ವಿಷಯದಲ್ಲಿ ಟವೆಲ್ ಹಾಕುವ ಕ್ರಿಯೆಗೆ ‘ಬೈಂಡ್’ ಎನ್ನುತ್ತಾರೆ. ಪಟ್ಟಿ ಓದಿ, ಖಾಲಿಯೆಂದು ತೀರ್ಮಾನಿಸಿ, ಆಮೇಲೆ ಬೈಂಡ್ ಮಾಡುವಷ್ಟರಲ್ಲಿ ಇನ್ನೊಂದು ಪ್ರೋಗ್ರಾಮು ಒಳಹೊಕ್ಕಿರಬಹುದು. ಆದ್ದರಿಂದ ಬೇಕಾದ ವಲಯದೊಳಗೆ ಹೋಗಿ ನೇರವಾಗಿ ಬೈಂಡ್ ಮಾಡಿಯೇ ನೋಡಬೇಕು. ಆಗದಿದ್ದರೆ ಬಂದ ದೋಷವನ್ನು ಓದಬೇಕು. ಯಾವ ಪೋರ್ಟಾದರೂ ಸರಿ ಎನ್ನುವುದಾದರೆ 0 ಎಂದು ಕೇಳಿ. ಖಾಲಿಯಿರುವುದೊಂದನ್ನು ಆಪರೇಟಿಂಗ್ ಸಿಸ್ಟಂ ತಾನೇ ಹುಡುಕಿ ಕೊಡುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಲಿನಕ್ಸ್ ಯಂತ್ರವಿದ್ದರೆ ನಿಮ್ಮ ಅಧ್ಯಾಪಕರ ಅನುಮತಿ ಪಡೆದು ಇದನ್ನು ಮಾಡಿ ನೋಡಿ. ಎರಡು ನೇಮ್‌ಸ್ಪೇಸ್‌ಗಳನ್ನು ಸೃಷ್ಟಿಸಿ, ಎರಡರಲ್ಲೂ ಪೈಥಾನ್‌ನ ಪುಟ್ಟ ವೆಬ್ ಸರ್ವರನ್ನು 8080ರಲ್ಲಿ ಓಡಿಸಿ. ಎರಡೂ ತಕರಾರಿಲ್ಲದೆ ಓಡುತ್ತವೆ. ಈಗ ಹೊರಗೆ, ಮೂಲ ವಲಯದಲ್ಲಿ, ನೆಟ್‌ಸ್ಟ್ಯಾಟ್ ಆದೇಶ ಕೊಟ್ಟು ಪಟ್ಟಿ ನೋಡಿ: ಅಲ್ಲಿ ಆ ಎರಡರಲ್ಲಿ ಒಂದೂ ಕಾಣಿಸದು. ಕೊನೆಗೆ ಮೊದಲನೆಯ ನೇಮ್‌ಸ್ಪೇಸ್‌ನೊಳಗೇ ಇನ್ನೊಂದು ಸರ್ವರನ್ನು ಅದೇ 8080ರಲ್ಲಿ ಆರಂಭಿಸಿ. ಈ ಸಲ ದೋಷದ ಸಂದೇಶ ಬರುತ್ತದೆ.