ನದಿಯ ಪರವಾಗಿ ದೂರುವ ಹಕ್ಕು



ಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಹರಿಹರದತ್ತ ಹರಿಯುತ್ತವೆ. ನದಿಗೆ ವಿಷ ಬಿಡುವುದು ಅಪರಾಧವೆಂದು ಸಾರಿದ ಜಲಮಾಲಿನ್ಯ ಕಾಯಿದೆಯನ್ನು, ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಶಾಸನಸಭೆಗಳ ನಿರ್ಣಯದ ಮೇರೆಗೆ, ಸಂಸತ್ತು 1974ರಲ್ಲಿ ರಚಿಸಿತು. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ದೂರು ಇಲ್ಲವೆ ಒಪ್ಪಿಗೆಯಿಲ್ಲದೆ ನ್ಯಾಯಾಲಯವು ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿರಲಿಲ್ಲ.

1980ರ ದಶಕದಲ್ಲಿ ಹರಿಹರದ ಬಳಿ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಕೆಟ್ಟಾಗ, ಧಾರವಾಡದ ಸಮಾಜ ಪರಿವರ್ತನ ಸಮುದಾಯವು ನದೀತೀರದ ಹಳ್ಳಿಗರೊಡನೆ ಹೋರಾಟಕ್ಕಿಳಿಯಿತು. 1988ರ ತಿದ್ದುಪಡಿಯು 60 ದಿನಗಳ ಮುನ್ಸೂಚನೆ ನೀಡಿ ನೇರವಾಗಿ ನ್ಯಾಯಾಲಯಕ್ಕೆ ದೂರುವ ಹಕ್ಕನ್ನು ಸಾಮಾನ್ಯ ನಾಗರಿಕನಿಗೂ ಕೊಟ್ಟಿತು. ಕಾರ್ಖಾನೆಯ ವಿದ್ಯುತ್ತನ್ನು ನಿಲ್ಲಿಸುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿತು.

ದೂರಿಗೆ ಸಾಕ್ಷ್ಯ ಬೇಕು. ಹಳ್ಳದ ನೀರು ಬಣ್ಣಗೆಟ್ಟ ದಿನ, ಸ್ಥಳ, ಸತ್ತ ಮೀನು, ಒಣಗಿದ ಬೆಳೆ, ಕಂಡವರ ಹೆಸರು ಇವನ್ನೆಲ್ಲ ಅಂದೇ ಬರೆದಿಡಿರಿ.